ಸೋಮವಾರದ ನಾಲ್ಕು ಪರ್ಸೆಂಟ್

ಕೊಂಢವಾ, ಪುಣೆ
17 ನವೆಂಬರ್ 2024, ಭಾನುವಾರ

ಪ್ರೀತಿಯ ಚಿತ್ರಾ,

ನಾವಿಲ್ಲಿ ಎಲ್ಲರೂ ಸೌಖ್ಯ. ಈ ಮಾತನ್ನು ಹತ್ತು ದಿನದ ಹಿಂದೆ ಬರೆದಿದ್ದರೆ ಸುಳ್ಳಾಗುತ್ತಿತ್ತು, ಅದಕ್ಕೇ ಬರೆಯಲಿಲ್ಲ ಅಂತ ಇಟ್ಟುಕೋ. ನಿನ್ನ ಕಾಗದ ಬಂದದ್ದು ಚೌತಿಗೂ ಮೊದಲು. ಜೊತೆಗೆ ಕಳಿಸಿದ ಹಲಸಿನ ಹಪ್ಪಳ ಎರಡೇ ವಾರದಲ್ಲಿ ಮುಗಿಯಿತು, ಉತ್ತರಕ್ಕೆ ಮಾತ್ರ ಎರಡು ತಿಂಗಳು ಹಿಡಿಯಿತು. ಬೈಯುವುದಿದ್ದರೆ ಬೈದುಬಿಡು. ಅತ್ತೆಯವರ ಮಂಡಿನೋವು ಕಡಿಮೆಯಾಗಿದೆ ಎಂದು ತಿಳಿದು ಸಮಾಧಾನವಾಯಿತು. ಬೈಂದೂರಿನ ಶಾಲೆಯಲ್ಲಿ ನಿನಗೆ ಈ ವರ್ಷವೂ ಏಳನೇ ಕ್ಲಾಸಿನ ಗಣಿತವೇ ಕೊಟ್ಟರಂತೆ. ಆ ಮಕ್ಕಳು ಪುಣ್ಯವಂತರು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ನಗಲು ಶುರುಮಾಡಿದರೆ ಕಥೆ ಅರ್ಧದಲ್ಲೇ ನಿಲ್ಲುತ್ತದೆ. ಬರೆಯುವಾಗ ನಗು ಬಂದರೆ ಪೆನ್ನು ಕೆಳಗಿಟ್ಟು ನಕ್ಕು ಮತ್ತೆ ಎತ್ತಿಕೊಳ್ಳಬಹುದು. ಹಾಗಾಗಿ ಈ ಕಾಗದ.

ಸುದ್ದಿ ಎಂತ ಅಂದರೆ, ನಿನ್ನ ಅಣ್ಣ ವಿಜ್ಞಾನಿಯಾದರು. ಅದರಿಂದ ನನ್ನ ಹಲ್ಲಿನ ಕ್ಲಿನಿಕ್ಕು ಆರು ದಿನ ಬಾಗಿಲು ಹಾಕಿತು.

ಖರಾಡಿಯ ನಮ್ಮ ಹೋಟೆಲಿನಲ್ಲಿ ದಿನಕ್ಕೆ ಸಾವಿರ ಇಡ್ಲಿ ಬೇಯಿಸುವ ಮನುಷ್ಯ, ಸುತ್ತ ಐಟಿ ಆಫೀಸಿನವರು ತಟ್ಟೆ ಹಿಡಿದು ನಿಂತಿರುವಾಗ ಕ್ಯಾಶ್ ಕೌಂಟರಿನಲ್ಲಿ ಕೂತು ಪರಮಾಣು ಪುಸ್ತಕ ಓದುತ್ತಾರೆ ಎಂದು ನಿನಗೆ ಗೊತ್ತೇ ಉಂಟು. ಆದರೆ ಯಾಕೆ ಓದುತ್ತಾರೆ ಎಂದು ನಿನ್ನ ಹತ್ತಿರ ಯಾರೂ ಹೇಳಿರಲಿಕ್ಕಿಲ್ಲ. ನಿನ್ನ ಎಂಎಸ್ಸಿಯ ಆ ಸಂಗತಿಯನ್ನು ನಾವು ಯಾರೂ ಬಾಯಿಬಿಟ್ಟು ಆಡಿದವರಲ್ಲ. ಇಪ್ಪತ್ತನಾಲ್ಕು ವರ್ಷದ ಮೇಲೆ ಈಗ ಒಮ್ಮೆ ಬರೆದುಬಿಡುತ್ತೇನೆ, ತಪ್ಪಿದ್ದರೆ ತಿದ್ದು.

ಆಗ ಅಮೆರಿಕದಲ್ಲಿ ಯಾರೋ ಒಂದು ಹಳೆಯ ಡೆಂಟಲ್ ಎಕ್ಸ್‌ರೇ ಯಂತ್ರ ಇಟ್ಟುಕೊಂಡು, ಹಾಫ್ನಿಯಮ್ ಎಂಬ ಲೋಹದ ಪರಮಾಣುಗಳಲ್ಲಿ ವರ್ಷಗಟ್ಟಲೆ ಅಡಗಿ ಕೂತಿದ್ದ ಶಕ್ತಿಯನ್ನು ಹೊರಗೆಳೆದೆವು ಎಂದು ಪ್ರಕಟಿಸಿದ್ದರು. ನೀನು ಅದನ್ನು ಓದಿ ನಮ್ಮ ಹಾಸ್ಟೆಲಿನ ಕಾರಿಡಾರಿನಲ್ಲಿ ಕುಣಿದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಹಾಫ್ನಿಯಮ್ ನಮಗೆಲ್ಲಿ ಸಿಗಬೇಕು? ನೀನು ಟ್ಯಾಂಟಲಮ್ ಹಿಡಿದೆ. ಅದರಲ್ಲಿ ಎಂಟು ಸಾವಿರಕ್ಕೊಂದು ಪರಮಾಣು ಭೂಮಿ ಹುಟ್ಟುವ ಮೊದಲಿನಿಂದ ಹಾಗೇ ಶಕ್ತಿ ತುಂಬಿಕೊಂಡು ಕೂತಿದೆ, ತಾನಾಗಿ ಇಳಿದದ್ದನ್ನು ಯಾರೂ ನೋಡಿಲ್ಲ, ಹೊರಗಿನಿಂದ ಎಕ್ಸ್‌ರೇ ಹೊಡೆದರೆ ಇಳಿಯುತ್ತದೋ ನೋಡುವ ಎಂದೆ. ನಾನು ಡೆಂಟಲ್ ಕಾಲೇಜಿನಿಂದ ಮೂಲೆಗೆ ಬಿದ್ದ ಒಂದು ಎಕ್ಸ್‌ರೇ ಯಂತ್ರ ತಂದುಕೊಟ್ಟೆ. ಡಿಟೆಕ್ಟರಿನಲ್ಲಿ ಹೊರಬೀಳುವ ಕಿರಣಗಳ ಎಣಿಕೆ ನಾಲ್ಕು ಪರ್ಸೆಂಟ್ ಏರಿತು. ಎರಡು ವಾರ ಏರಿತು. ನೀನು ಸೆಮಿನಾರಿನಲ್ಲಿ ಎಲ್ಲರೆದುರು ಓದಿದೆ. ಮತ್ತೆ ಮಾಡಿ ತೋರಿಸು ಎಂದರು, ಏರಲಿಲ್ಲ. ರಿಜಿಸ್ಟರಿನಲ್ಲಿ ಅಂಕಿ ತಿದ್ದಿದ್ದಾಳೆ ಎಂದು ನಿನ್ನ ಗೈಡೇ ಹೇಳಿದರು. ನೀನು ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋದೆ.

ನಿನ್ನ ಅಣ್ಣನದು ಅವತ್ತಿನಿಂದ ಒಂದೇ ಮಾತು: “ಚಿತ್ರಾ ಅಂಕಿ ತಿದ್ದುವವಳಲ್ಲ. ಅವಳು ಕಂಡದ್ದು ಇತ್ತು.” ಅಮೆರಿಕದ್ದನ್ನೇ ಬೇರೆಯವರು ದೊಡ್ಡ ದೊಡ್ಡ ಯಂತ್ರ ಇಟ್ಟು ಮಾಡಿ ನೋಡಿ, ಏನೂ ಸಿಗಲಿಲ್ಲ ಎಂದ ಮೇಲೂ ಅವರ ಮಾತು ಬದಲಾಗಲಿಲ್ಲ. ಬಿಎಸ್ಸಿ ಸೆಕೆಂಡ್ ಕ್ಲಾಸು, ಆದರೆ ಹಟದಲ್ಲಿ ಡಾಕ್ಟರೇಟ್.

ಈ ವರ್ಷ ಜೂನಿನಲ್ಲಿ ಹೋಟೆಲಿಗೆ ಊಟಕ್ಕೆ ಬರುವ ಧರ್ಮಣ್ಣ ಎಂಬ ಫೋರ್ಮನ್, ತಳೇಗಾಂವದ ಕಾರ್ಖಾನೆಯಲ್ಲಿ ಆ್ಯಸಿಡ್ ಟ್ಯಾಂಕಿನ ಒಳಪದರ ಬದಲಿಸುವಾಗ ಉಳಿದ ಅಂಗೈಯಗಲದ ಒಂದು ತಗಡನ್ನು ಕೇಳಿ ತಂದುಕೊಟ್ಟ. ಟ್ಯಾಂಟಲಮ್! ನಿನ್ನ ಅಣ್ಣ ಅದನ್ನು ಬಾಳೆಎಲೆಯಲ್ಲಿ ಸುತ್ತಿ ಮನೆಗೆ ತಂದರು. ನಾನು ಪತ್ರೊಡೆ ಅಂದುಕೊಂಡೆ. ಆಮೇಲೆ ಯಾವುದೋ ಕಾಲೇಜು ಲ್ಯಾಬು ಖಾಲಿ ಮಾಡುವಾಗ ಮಾರಿದ, ಕಿರಣ ಎಣಿಸುವ ಹರಳಿನ ಡಿಟೆಕ್ಟರ್ ಬಂತು. ಎಕ್ಸ್‌ರೇ ಯಂತ್ರವೊಂದು ಬೇಕಿತ್ತು. ನಾನು ಹೊಸದು ಹಾಕಿಸಿದ ಮೇಲೆ ಹಳೆಯದು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಇತ್ತು. ನಿಯಮದ ಪ್ರಕಾರ ಸರ್ಕಾರಕ್ಕೆ ಅರ್ಜಿ ಹಾಕಿ, ಬಳಕೆ ನಿಲ್ಲಿಸಿ ಕಳಿಸಬೇಕಾದ ಯಂತ್ರ ಅದು, ಇಂಥದ್ದಕ್ಕೆಲ್ಲ ಕೊಡುವಂತೆಯೇ ಇಲ್ಲ. ಆದರೂ ಕೊಟ್ಟೆ. ಯಾಕೆ ಕೊಟ್ಟೆ ಎಂದು ಈಗಲೇ ಕೇಳಬೇಡ.

ಸೋಮವಾರ ಹೋಟೆಲಿಗೆ ರಜೆ. ಬೆಳಿಗ್ಗೆ ಏಳಕ್ಕೆ ನಿನ್ನ ಅಣ್ಣ ಪಂಚೆಯ ಮೇಲೆ ನನ್ನ ಸೀಸದ ಏಪ್ರನ್ ಕಟ್ಟಿಕೊಂಡು ಆ ಹಿಂದಿನ ಕೋಣೆಗೆ ಹಾಜರು. ಹಲ್ಲಿನ ಯಂತ್ರ ಒಂದು ಹೊತ್ತಿಗೆ ಒಂದೆರಡು ಸೆಕೆಂಡು ಮಾತ್ರ ಉರಿಯುವುದು, ಆಮೇಲೆ ತಣಿಯಬೇಕು. ಅವರು ಗೋಡೆಯ ಆಚೆ ನಿಂತು ಗುಂಡಿ ಒತ್ತುವುದು, ಹೋಟೆಲಿನಿಂದ ತಂದ ಗಡಿಯಾರ ನೋಡುವುದು, ಮತ್ತೆ ಒತ್ತುವುದು. ಎರಡು ಗಂಟೆ ಹೀಗೆ. ಆಮೇಲೆ ತಗಡನ್ನು ಡಿಟೆಕ್ಟರಿನ ಮುಂದಿಟ್ಟು, ಸುತ್ತ ಸೀಸದ ಇಟ್ಟಿಗೆ ಪೇರಿಸಿ, ಮೇಲೆ ಹೋಟೆಲಿನ ತೆಳ್ಳಗಿನ ತಿಂಡಿತಟ್ಟೆ ಮುಚ್ಚಿ, ಒಂಬತ್ತರಿಂದ ಹನ್ನೆರಡರವರೆಗೆ ಎಣಿಕೆ. ಮಂಗಳವಾರ ಎಕ್ಸ್‌ರೇ ಇಲ್ಲದೆ ಅದೇ ಎಣಿಕೆ, ಹೋಲಿಸಲಿಕ್ಕೆ.

ನನ್ನ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿರುವ ಚನ್ನಬಸವ್ವನ ವಿಷಯ ನಿನಗೆ ಹೇಳಿದ್ದೆನಲ್ಲ, ಯಾದಗಿರಿ ಕಡೆಯವಳು, ಗಂಡ ಇಲ್ಲೇ ಕಟ್ಟಡದ ಕೆಲಸದಲ್ಲಿ ಇದ್ದಾನೆ. ಒಂದು ದಿನ ಅವಳು ನೆಲ ಒರೆಸುತ್ತಾ ಕೇಳಿದಳು:

“ಅಣ್ಣಾರ, ಈ ತಗಡಿಗಿ ಏನ್ ಹಲ್ಲ್ ನೋವ್ರಿ?”

ನಿನ್ನ ಅಣ್ಣನಿಗೆ ಅಷ್ಟು ಸಾಕಾಯಿತು. ಅಟ್ಟದ ಮೇಲೆ ಸಿಕ್ಕಿಬಿದ್ದವನ ಕಥೆ ಹೇಳಿದರು. ಅಟ್ಟಕ್ಕೆ ಏಣಿ ಇಲ್ಲ, ಇಳಿಯಲಾರ. ಆದರೆ ಅವನನ್ನು ಕೆಳಗಿನಿಂದ ಇನ್ನೊಂದಿಷ್ಟು ಮೇಲೆ ದೂಡಿದರೆ ಮಾಡಿನ ಹತ್ತಿರ ಬೇರೊಂದು ಏಣಿ ಉಂಟು, ಅದರಲ್ಲಿ ದಡದಡ ಇಳಿದು ಬರುತ್ತಾನೆ, ಬರುವಾಗ ಹೊತ್ತುಕೊಂಡದ್ದನ್ನೆಲ್ಲ ಕೆಳಗೆ ಚೆಲ್ಲುತ್ತಾನೆ. ಆ ದೂಡುವ ಕೆಲಸವೇ ಎಕ್ಸ್‌ರೇ.

ಚನ್ನಬಸವ್ವ ಯೋಚಿಸಿ ಹೇಳಿದಳು: “ಭೂಮಿ ಹುಟ್ಟೂಕಿಂತ ಮೊದಲಿಂದ ಕುಂತಾನಂದ್ರ ಅಂವಗ ಅಲ್ಲೇ ಛಲೋ ಅನಸ್ಯದ ಬಿಡ್ರಿ. ಯಾಕ ತ್ರಾಸ ಕೊಡ್ತೀರಿ?”

ಆಗಸ್ಟ್ ಕಳೆಯಿತು, ಸೆಪ್ಟೆಂಬರ್ ಕಳೆಯಿತು, ಅವನು ಇಳಿಯಲಿಲ್ಲ. ಏಪ್ರನ್ ಕಟ್ಟಿದ ನಿನ್ನ ಅಣ್ಣನ ಹೆಗಲು ಮಾತ್ರ ಇಳಿಯಿತು. ಇನ್ನು ಬಿಡುತ್ತಾರೆ ಎಂದು ನಾನು ಒಳಗೊಳಗೇ ಹರಕೆ ಹೊತ್ತೆ.

ಅಕ್ಟೋಬರ್ ಮೊದಲ ಸೋಮವಾರ, ನಾನು ಒಬ್ಬರ ರೂಟ್ ಕೆನಾಲ್ ಚಿಕಿತ್ಸೆಯಲ್ಲಿದ್ದಾಗ, ಹಿಂದಿನ ಕೋಣೆಯಿಂದ ಎಂಥದೋ ಕೂಗು. ಪೇಷಂಟು ಬಾಯಿ ತೆರೆದುಕೊಂಡೇ ಬೆಚ್ಚಿದರು. ಓಡಿಹೋಗಿ ನೋಡಿದರೆ ನಿನ್ನ ಅಣ್ಣ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ.

“ನಾಲ್ಕು ಪರ್ಸೆಂಟ್, ಸ್ವರ್ಣಾ! ಅವಳದ್ದೇ ನಾಲ್ಕು ಪರ್ಸೆಂಟ್!”

ಮಂಗಳವಾರ ಎಣಿಸಿದರೆ ಇಲ್ಲ. ಮುಂದಿನ ಸೋಮವಾರ ಎಕ್ಸ್‌ರೇ ಹೊಡೆದ ಮೇಲೆ ಮತ್ತೆ ನಾಲ್ಕು. ಹೀಗೆ ಐದು ಸೋಮವಾರ. ಹೋಟೆಲಿನಲ್ಲಿ ಬಂದವರಿಗೆಲ್ಲ ಕೇಸರಿಬಾತ್ ಹಂಚಿದರು. ದಿನದ ತಿಂಡಿ ಬರೆಯುವ ಕಪ್ಪುಹಲಗೆಯಲ್ಲಿ ‘ನೀರ್‌ದೋಸೆ, ಗೋಳಿಬಜೆ’ ಎಂಬುದರ ಕೆಳಗೆ ಇಂಗ್ಲಿಷಿನಲ್ಲಿ ‘ಕೊಂಢವಾದಲ್ಲಿ ಪರಮಾಣು ಶಕ್ತಿ ಬಿಡುಗಡೆ’ ಎಂದು ಬರೆದರು. ಯಾರೋ ಫೋಟೋ ತೆಗೆದರು. ಆ ಫೋಟೋ ಖರಾಡಿಯಿಂದ ಕೊಂಢವಾಕ್ಕೆ ಬರಲು, ಮಾರಾಯ್ತಿ, ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಟ್ರಾಫಿಕ್ಕಿನಲ್ಲಿ ನಮಗೆ ಒಂದೂವರೆ ಗಂಟೆ ಬೇಕು.

ನಮ್ಮ ಕ್ಲಿನಿಕ್ಕಿರುವ ವಸತಿ ಸೊಸೈಟಿಯ ಸೆಕ್ರೆಟರಿ ಋಷಿಕೇಶ ಬಂದ. ಒಳಗೆ ಬರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ನಿಂತು, ಹೆಲ್ಮೆಟ್ ಹಾಕಿಕೊಂಡೇ ಕೇಳಿದ: “ಮ್ಯಾಡಮ್, ಸ್ಫೋಟ್ ಹೋಣಾರ್ ಕಾ?” ಸ್ಫೋಟವಾಗುತ್ತದಾ ಅಂತ! ಇಲ್ಲ ಎಂದೆ. “ನಕ್ಕಿ?” ಎಂದ, ಖಚಿತವಾ ಅಂತ. ಖಂಡಿತ ಎಂದೆ. ಹಾಗಾದರೆ ಬರೆದುಕೊಡಿ ಎಂದ. ಅಷ್ಟರಲ್ಲಿ ಆ ದಿನದ ಏಳೂ ಪೇಷಂಟುಗಳು ಹಲ್ಲುನೋವು ವಾಸಿಯಾಯಿತು ಎಂದು ಫೋನು ಮಾಡಿಯಾಗಿತ್ತು. ಹದಿನೆಂಟು ವರ್ಷದಲ್ಲಿ ನಾನು ಇಷ್ಟು ಜನರನ್ನು ಒಂದೇ ದಿನ ವಾಸಿ ಮಾಡಿದ್ದಿಲ್ಲ. ಸೊಸೈಟಿಯವರು ಸಭೆ ಸೇರಿ, ತಿಳಿದವರೊಬ್ಬರು ಬಂದು ನೋಡಿ ಹೇಳುವವರೆಗೆ ಕ್ಲಿನಿಕ್ ತೆರೆಯಬಾರದು, ಅಪಾಯವೆಂದರೆ ಜಾಗವೇ ಖಾಲಿ ಮಾಡಬೇಕು ಎಂದು ಠರಾವು ಮಾಡಿದರು. ನನಗೆ ಆಗ ನಗು ಬಂದಿರಲಿಲ್ಲ ಚಿತ್ರಾ. ಆ ಕುರ್ಚಿ, ಆ ದೀಪ, ಆ ಬೋರ್ಡು, ಎಲ್ಲ ನಾನೇ ಒಂದೊಂದಾಗಿ ಜೋಡಿಸಿದ್ದು.

ತಿಳಿದವರನ್ನು ನಿನ್ನ ಅಣ್ಣನೇ ತಂದರು. ಮನೋಹರ ದೇಸಾಯಿ ಎಂದು, ಧಾರವಾಡದವರು. ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಕಿರಣ ಯಂತ್ರಗಳ ಲೆಕ್ಕಾಚಾರ ನೋಡಿಕೊಂಡು ನಿವೃತ್ತರಾದವರು, ಭಾನುವಾರ ತಪ್ಪದೆ ಹೋಟೆಲಿಗೆ ಬಂದು ಮಸಾಲೆ ದೋಸೆ ತಿನ್ನುವವರು. ಕಳೆದ ಸೋಮವಾರ ಎಲ್ಲರೆದುರು ಪ್ರಯೋಗ ಎಂದು ನಿಶ್ಚಯವಾಯಿತು. ನಿನ್ನ ಅಣ್ಣ ಇಸ್ತ್ರಿ ಮಾಡಿದ ಶರ್ಟು ಹಾಕಿ, ಭಾಷಣ ಬರೆದಿಟ್ಟುಕೊಂಡಿದ್ದರು. ಮೊದಲ ಸಾಲು ನನಗೆ ಓದಿ ತೋರಿಸಿದರು: ‘ಇದನ್ನು ಮೊದಲು ಕಂಡವಳು ನನ್ನ ತಂಗಿ.’

ಏಳಕ್ಕೆ ಎಕ್ಸ್‌ರೇ, ಒಂಬತ್ತಕ್ಕೆ ಎಣಿಕೆ. ಹತ್ತೂವರೆಗೆ ದೇಸಾಯಿಯವರು, ಹೆಲ್ಮೆಟ್ಟಿನ ಋಷಿಕೇಶ, ನಾನು, ಎಲ್ಲ ಎಣಿಕೆ ತೋರಿಸುವ ಕಂಪ್ಯೂಟರ್ ಪರದೆಯ ಮುಂದೆ. ನಾಲ್ಕು ಪರ್ಸೆಂಟಿಗೂ ಸ್ವಲ್ಪ ಮೇಲೇ ಇತ್ತು. ದೇಸಾಯಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇದು ಏರಬಾರದ್ರಿ,” ಎಂದರು. “ಆದ್ರ ಏರೇದ.” ನಿನ್ನ ಅಣ್ಣ ಭಾಷಣದ ಚೀಟಿ ಬಿಡಿಸಿದರು.

ಅಷ್ಟರಲ್ಲಿ ಬಾಗಿಲಲ್ಲಿ ಪಟವರ್ಧನ ಆಜೋಬಾ, ಅಂದರೆ ಅಜ್ಜ. ಎಂಬತ್ತಾರು ವರ್ಷ, ಮೂರನೇ ಮಹಡಿಯವರು. ಬಾಯಿಯ ಮುಂದೆ ಕರವಸ್ತ್ರ ಹಿಡಿದು ಕೂಗುತ್ತಿದ್ದಾರೆ: “ಮಾಝೇ ದಾತ್ ಕುಠೇ ಆಹೇತ್?” ನನ್ನ ಹಲ್ಲೆಲ್ಲಿ!

ಆಜೋಬಾ ಸೋಮವಾರ ಉಪವಾಸ. ಅವತ್ತು ಹಲ್ಲಿಗೂ ಕೆಲಸವಿಲ್ಲ ಎಂದು, ನವರಾತ್ರಿಯಿಂದೀಚೆಗೆ, ಸೋಮವಾರ ಬೆಳಿಗ್ಗೆ ತಮ್ಮ ಹಳೆಯ ಹಲ್ಲುಸೆಟ್ಟನ್ನು ತೊಳೆದು ಸರಿಮಾಡಲು ನಮ್ಮಲ್ಲಿ ಬಿಟ್ಟು, ಮಧ್ಯಾಹ್ನ ಒಯ್ಯುತ್ತಾರೆ. ಕ್ಲಿನಿಕ್ ಮುಚ್ಚಿದ್ದರೂ ಅಭ್ಯಾಸಬಲದಿಂದ ಅವತ್ತೂ ಚನ್ನಬಸವ್ವನ ಕೈಗೆ ಕೊಟ್ಟು ಹೋಗಿದ್ದರು. ಆದರೆ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದು ಸೋಫಾದಲ್ಲಿ ಕೂತಿದ್ದಾರಂತೆ.

“ಇಲ್ಲೇ ಅದಾವ್ರಿ ಆಜೋಬಾ,” ಎಂದು ಚನ್ನಬಸವ್ವ ಸೀದಾ ಬಂದು, ಸೀಸದ ಇಟ್ಟಿಗೆಗಳ ಮೇಲಿನ ತಿಂಡಿತಟ್ಟೆಯ ಮೇಲಿಂದ ಒಂದು ಪ್ಲಾಸ್ಟಿಕ್ ಬಟ್ಟಲು ಎತ್ತಿಕೊಂಡಳು.

ಪರದೆಯ ಗೆರೆ ಕೆಳಗೆ ಬಾಗಿತು.

ದೇಸಾಯಿಯವರು ಮೆಲ್ಲಗೆ, “ಏ ತಂಗಿ, ಅದನ್ನ ಒಂಚೂರು ವಾಪಸ್ ಇಡು,” ಎಂದರು. ಇಟ್ಟಳು. ಕಾಯ್ದೆವು. ಗೆರೆ ಏರಿತು. “ಈಗ ತಗಿ.” ಇಳಿಯಿತು. “ಇಡು.” ಏರಿತು. ಆಜೋಬಾ ನಡುವೆ, ಗಂಡಿನ ಕಡೆಯವರು ಕಾಯುತ್ತಿದ್ದಾರೆ ಎಂದು ಹಲ್ಲಿಲ್ಲದ ಮರಾಠಿಯಲ್ಲಿ ಗೋಗರೆಯುತ್ತಿದ್ದಾರೆ.

“ಚನ್ನಬಸವ್ವಾ, ಇದನ್ನು ಅಲ್ಲಿ ಯಾಕೆ ಇಟ್ಟೆ?” ನಿನ್ನ ಅಣ್ಣ ಭಾಷಣದ ಚೀಟಿ ಮಡಚುತ್ತಾ ಕೇಳಿದರು.

“ನೀವ ಹೇಳೀರಲ್ರಿ ಅಣ್ಣಾರ, ಆ ಡಬ್ಬಿ ಯಾರೂ ಮುಟ್ಟಬಾರದಂತ. ಯಾರೂ ಮುಟ್ಟದ ಜಾಗಾದಾಗ ಇಟ್ರ ಹಲ್ಲ್ ಕಳಿಯಂಗಿಲ್ಲಂತ ನಾ ಇಟ್ಟೀನ್ರಿ. ಪ್ರತಿ ಸ್ವಾಮಾರ ಅಲ್ಲೇ ಇಡ್ತೀನ್ರಿ.”

ಋಷಿಕೇಶ ಹೆಲ್ಮೆಟ್ ತೆಗೆದ. ಅವನಿಗೆ ನಗಲು ಜಾಗ ಸಾಲುತ್ತಿರಲಿಲ್ಲ ಅಂತ ಕಾಣುತ್ತದೆ.

ನಾನೇ ಹೇಳಬೇಕಾಯಿತು. ಬಹಳ ಹಿಂದೆ ಪಿಂಗಾಣಿ ಹಲ್ಲುಗಳಿಗೆ ನಿಜವಾದ ಹಲ್ಲಿನ ಹೊಳಪು ಬರಲೆಂದು ಒಂದು ಚಿಟಿಕೆ ಯುರೇನಿಯಮ್ ಬೆರೆಸುತ್ತಿದ್ದರು, ಆಮೇಲೆ ನಿಲ್ಲಿಸಿದರು. ಆಜೋಬಾರ ಸೆಟ್ಟು ಅವರ ಭಾವ ಐವತ್ತು ವರ್ಷದ ಹಿಂದೆ ಮುಂಬೈಯಲ್ಲಿ ವಿದೇಶದ ಹಲ್ಲು ತರಿಸಿ ಮಾಡಿಸಿಕೊಟ್ಟದ್ದು. ಯುರೇನಿಯಮ್ ಎಂಬ ಶಬ್ದ ಕೇಳಿದ್ದೇ ಆಜೋಬಾ ಎದೆಯುಬ್ಬಿಸಿ ನಿಂತರು. ಐವತ್ತು ವರ್ಷ ತಾನು ಅಣುಶಕ್ತಿಯಿಂದ ಚಕ್ಕುಲಿ ತಿಂದೆ ಎಂದು ಗಂಡಿನ ಕಡೆಯವರಿಗೆ ಈಗಲೇ ಹೇಳಬೇಕಂತೆ. ಹೊಸ ಸೆಟ್ ಮಾಡಿಕೊಡುತ್ತೇನೆ, ಇದನ್ನು ಇನ್ನು ಹಾಕಬೇಡಿ ಎಂದು ನಾನು ಹೇಳುತ್ತಿದ್ದಂತೆ ಬಟ್ಟಲು ಕಸಿದುಕೊಂಡು, ಹಲ್ಲು ಹಾಕಿಕೊಂಡು, ಎಲ್ಲರಿಗೂ ಒಮ್ಮೆ ನಕ್ಕು ತೋರಿಸಿ ಲಿಫ್ಟು ಹತ್ತಿದರು. (ಮರುದಿನ ಬಂದು ಅಳತೆ ಕೊಟ್ಟರು. ಹಳೆಯದನ್ನು ಷೋಕೇಸಿನಲ್ಲಿ ಇಡುತ್ತಾರಂತೆ. ಸಂಬಂಧ ಕುದುರಿತು.)

ದೇಸಾಯಿಯವರು ನಿನ್ನ ಅಣ್ಣನನ್ನು ಕೂರಿಸಿ ಮೆತ್ತಗೆ ತಿಳಿಸಿದರು. “ನೋಡ್ರಿ, ಈ ಹಲ್ಲಿನ ಮಷಿನ್ ಎಪ್ಪತ್ತು ಸಾವಿರ ವೋಲ್ಟಿಂದು. ನಿಮ್ಮ ಟ್ಯಾಂಟಲಮ್ ಅಟ್ಟ ಇಳೀಬೇಕಂದ್ರ ಹತ್ತು ಲಕ್ಷಕ್ಕೂ ಮ್ಯಾಲ ಬೇಕ್ರಿ. ನಮ್ಮ ಕ್ಯಾನ್ಸರ್ ಮಷಿನ್ನಿನಂಥಾದ್ರಿಂದ ಇಳಿಸ್ಯಾರ, ಭಾಳ ವರ್ಷದ ಹಿಂದೇ ಇಳಿಸ್ಯಾರ. ಇಳಿಯೋದು ಖರೇ ಅದ. ಇದ್ರಿಂದ ಇಳಿಯಂಗಿಲ್ಲ ಅಷ್ಟ.”

ಸೊಸೈಟಿಗೆ ಅವರೇ ಚೀಟಿ ಬರೆದುಕೊಟ್ಟರು. ಮಂಗಳವಾರ ಕ್ಲಿನಿಕ್ ತೆರೆಯಿತು. ವಾಸಿಯಾದ ಏಳೂ ಜನರಿಗೆ ಮತ್ತೆ ನೋವು ಶುರುವಾಯಿತು. ಹಳೆಯ ಯಂತ್ರ ನಿಲ್ಲಿಸಿ ಕಳಿಸಲು ಅರ್ಜಿ ಹಾಕಿದ್ದೇನೆ, ಕೊಡುವ ದಂಡನೆ ಕೊಡಲಿ. ಚನ್ನಬಸವ್ವ ಎರಡು ದಿನ ಮುಖ ಸಣ್ಣ ಮಾಡಿಕೊಂಡಿದ್ದಳು. ನಿನ್ನ ಅಣ್ಣ ಅವಳಿಗೂ ಅವಳ ಗಂಡನಿಗೂ ಹೋಟೆಲಿನಲ್ಲಿ ಎಲೆ ಹಾಕಿಸಿ ತಾವೇ ಬಡಿಸಿದ ಮೇಲೆ ಸರಿಹೋದಳು.

ನಿನ್ನ ಅಣ್ಣನೇ ಸರಿಹೋಗಿಲ್ಲ. ಆವತ್ತು ಸ್ಕೂಟರಿನಲ್ಲಿ ಮನೆಗೆ ಹೊರಟೆವು. ಸಿಗ್ನಲ್ಲಿನಲ್ಲಿ ನಿಂತಾಗ ತಿರುಗಿ ನೋಡದೆ ಕೇಳಿದರು: “ಸ್ವರ್ಣಾ, ಚಿತ್ರಾ ಸುಳ್ಳು ಹೇಳಲಿಲ್ಲ. ಹಾಗಾದರೆ ಅವಳ ಲ್ಯಾಬಿನಲ್ಲಿ ಇದ್ದದ್ದು ಯಾರ ಹಲ್ಲು?”

ಹಿಂದಿನ ಗಾಡಿಯವರು ಹಾರ್ನ್ ಹೊಡೆದರು. ಹಸಿರು ಬಿತ್ತು, ಹೊರಡಿ ಎಂದೆ ನಾನು. ನಿನ್ನನ್ನೇ ಕೇಳಿ ಬರೆ ಎಂದು ಮೂರು ದಿನದಿಂದ ಒತ್ತಾಯ ಮಾಡುತ್ತಿದ್ದಾರೆ. ಅವರಿಗಾಗಿಯೇ ಈ ಕಾಗದ ಶುರುಮಾಡಿದ್ದು.

ಡಿಸೆಂಬರ್ ರಜೆಯಲ್ಲಿ ಅತ್ತೆಯವರನ್ನು ಕರೆದುಕೊಂಡು ಬಾ. ಇಲ್ಲಿ ಚಳಿ ಹಿತವಾಗಿರುತ್ತದೆ, ಮಂಡಿಗೆ ಒಳ್ಳೆಯ ಡಾಕ್ಟರೂ ಇದ್ದಾರೆ. ಅವರ ಪಾದಕ್ಕೆ ನನ್ನ ನಮಸ್ಕಾರ ಹೇಳು. ನಿನಗೆ ದೇವರು ಒಳ್ಳೆಯದು ಮಾಡಲಿ, ನಿನ್ನ ಏಳನೇ ಕ್ಲಾಸು ಪೂರ್ತಿ ಪಾಸಾಗಲಿ.

ಪ್ರೀತಿಯಿಂದ
ನಿನ್ನ ಅತ್ತಿಗೆ, ಅದಕ್ಕಿಂತ ಮೊದಲು ನಿನ್ನ ರೂಮ್‌ಮೇಟ್,
ಸ್ವರ್ಣಲತಾ

ಮರೆತ ಮಾತು: ಮರೆತದ್ದಲ್ಲ. ಅದು ಯಾರ ಹಲ್ಲು ಎಂದು ನನಗೆ ಗೊತ್ತು. ಪ್ರಾಕ್ಟಿಕಲ್ಲಿಗೆಂದು ನಮ್ಮ ವಿಭಾಗದ ಹಳೆಯ ದಾಸ್ತಾನಿನಿಂದ ನಾನು ಎತ್ತಿಕೊಂಡು ಬಂದಿದ್ದ ಪಿಂಗಾಣಿ ಹಲ್ಲಿನ ಪೆಟ್ಟಿಗೆ. ಯಂತ್ರ ತಂದ ದಿನ ನಿನ್ನ ಡಿಟೆಕ್ಟರಿನ ಪಕ್ಕದ ಷೆಲ್ಫಿನಲ್ಲಿ ಇಟ್ಟು ಮರೆತೆ, ಎರಡು ವಾರದ ಮೇಲೆ ನೆನಪಾಗಿ ತೆಗೆದುಕೊಂಡು ಹೋದೆ. ನಿನ್ನ ಗೈಡು ಅಂಕಿ ತಿದ್ದಿದ್ದಾಳೆ ಎಂದ ಮರುದಿನ ನಮ್ಮ ಮೇಡಂ ಆ ಪೆಟ್ಟಿಗೆ ನೋಡಿ, ಇದರಲ್ಲಿ ಯುರೇನಿಯಮ್ ಇರುತ್ತದೆ, ಬಳಸಬೇಡ ಎಂದರು. ನನಗೆ ಆ ಕ್ಷಣವೇ ಅರ್ಥವಾಯಿತು. ಪೆಟ್ಟಿಗೆ ಹಿಡಿದು ನಿನ್ನ ಲ್ಯಾಬಿನ ಬಾಗಿಲವರೆಗೆ ಬಂದೆ. ನೀನು ಬೆನ್ನು ಹಾಕಿಕೊಂಡು ಪುಸ್ತಕ ಕಟ್ಟುತ್ತಿದ್ದೆ. ಹೇಳಿದರೆ ಯಂತ್ರವನ್ನು ಕೇಳದೆ ತಂದದ್ದು ಹೊರಬರುತ್ತಿತ್ತು, ನನ್ನ ಕೊನೆಯ ಪರೀಕ್ಷೆಗೆ ಒಂಬತ್ತು ದಿನ ಇತ್ತು. ತಿರುಗಿ ಹೋದೆ. ಪರೀಕ್ಷೆ ಮುಗಿದ ಮೇಲೆ ಹೇಳುವ ಎಂದುಕೊಂಡೆ, ಆಮೇಲೆ ಮದುವೆ ಕಳೆಯಲಿ ಎಂದುಕೊಂಡೆ. ನಿನ್ನ ಅಣ್ಣ ಪ್ರತಿ ಸೋಮವಾರ ಆ ಏಪ್ರನ್ ಕಟ್ಟಿಕೊಳ್ಳುವಾಗ ಹಿಂದಿನ ಗಂಟು ಹಾಕಿಕೊಟ್ಟವಳೂ ನಾನೇ. ಆಗಲೂ ಹೇಳಲಿಲ್ಲ, ಇಲ್ಲ ಎನ್ನಲು ಮುಖವಿಲ್ಲದೆ ಹಳೆಯ ಯಂತ್ರ ಕೊಟ್ಟೆ ಅಷ್ಟೇ.

ನಿನ್ನ ಗೈಡಿಗೆ, ನಿನಗೆ ಬೇಕಾದ ಯಾರಿಗಾದರೂ, ಇದನ್ನೆಲ್ಲ ಸಹಿ ಹಾಕಿ ಬರೆದುಕೊಡುತ್ತೇನೆ. ಕ್ಷಮಿಸು ಎಂದು ಕೇಳಲು ಬಾಯಿಲ್ಲ. ನಿನ್ನ ಅಣ್ಣ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾರೆ, ಅಂಚೆಗೆ ಹಾಕಲಿಕ್ಕೆ. ಕವರಿನ ಬಾಯಿ ಅಂಟಿಸದೆ ಅವರ ಕೈಗೆ ಕೊಡುತ್ತಿದ್ದೇನೆ.